ಹಳದಿಗೆ ತಿರುಗಿದ ಆರತಿ ನೀರು

ಖಡಕಿಯಲ್ಲಿರುವ ನನ್ನ ತಂಗಿಯ ಸೊಸೆ ತವರಿಗೆ ಹೋದವಳು ಇನ್ನೂ ಗಂಡನ ಮನೆಗೆ ಮರಳಿಲ್ಲ. ತವರು ದೂರವೇನೂ ಅಲ್ಲ. ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿ. ಬಸ್ಸು ಬದಲಾಯಿಸಿ ಕುಳಿತರೆ ಊಟದ ಹೊತ್ತಿಗೆ ಮುಟ್ಟಬಹುದು. ಊರು ಒಂದೇ, ಮಾತು ಒಂದೇ, ಜಾತಿಯೂ ಒಂದೇ. ಆದರೂ ಅವಳು ಅಲ್ಲಿ, ಗಂಡ ಇಲ್ಲಿ. ಯಾಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನನಗೆ ಗೊತ್ತಿರುವ ಕಾರಣ ಒಂದೇ. ಮದುವೆಯಾಗಿ ಬಂದು ಅವಳು ಹೊಸ್ತಿಲಲ್ಲಿ ನಿಂತಾಗ ಆರತಿ ತಾಟಿನ ಕೆಂಪು ನೀರು ಹಳದಿಯಾಯಿತು. ನಾನು ಅಲ್ಲೇ ಇದ್ದೆ. ಆ ನೀರು ಕಲಸಿದವಳೂ ನಾನೇ.

ನಾನಿರುವುದು ಯೆರವಡಾದಲ್ಲಿ, ಮಗಳ ಮನೆಯಲ್ಲಿ. ಮನೆ ಎಂದರೆ ಒಂದು ಕೋಣೆ, ಮೇಲೊಂದು ತಗಡಿನ ಅಟ್ಟ. ಅಳಿಯ ಇಲ್ಲ. ಮಗಳು ದೊಡ್ಡ ಕಂಪನಿಗಳ ಕಟ್ಟಡದಲ್ಲಿ ನೆಲ ಒರೆಸಲು ಹೋಗುತ್ತಾಳೆ. ಅವಳ ಮಗಳು, ನನ್ನ ಮೊಮ್ಮಗಳು, ಆಗ ಕನ್ನಡ ಶಾಲೆಯಲ್ಲಿ ಒಂಬತ್ತನೆಯ ತರಗತಿ. ನಾನು ಶಾಲೆಗೆ ಹೋದದ್ದು ಅಕ್ಷರ ಕೂಡಿಸಿ ಓದುವಷ್ಟು ಮಾತ್ರ. ಇದನ್ನು ಗೀಚಿ ಕೊಟ್ಟ ಮೇಲೆ ಒತ್ತು, ದೀರ್ಘ ಅವಳೇ ಸರಿ ಮಾಡಿದ್ದಾಳೆ. ಮಾತು ನನ್ನವು.

ಅವಳಿಗೆ ಕೂಗಿ ಓದುವ ಚಟ. ಒಂದೇ ಕೋಣೆ, ಹಾಗಾಗಿ ಅವಳ ಪಾಠ ನನಗೂ ಪಾಠ. ಅಕ್ಕಿಯಲ್ಲಿ ಕಲ್ಲಿದ್ದರೆ ಅದು ಮಿಶ್ರಣವಂತೆ, ಆರಿಸಿ ತೆಗೆಯಬಹುದು. ಹಾಲು ಮೊಸರಾದರೆ ರಾಸಾಯನಿಕ ಬದಲಾವಣೆ, ಮತ್ತೆ ಹಾಲು ಮಾಡಲು ಯಾರಪ್ಪನಿಂದಲೂ ಆಗುವುದಿಲ್ಲ. ಇದನ್ನೆಲ್ಲ ಪುಸ್ತಕದಲ್ಲಿ ಬರೆದಿರುವುದು ನನಗೆ ಸೋಜಿಗ. ಎಲ್ಲ ವಸ್ತುವೂ ಕಣ್ಣಿಗೆ ಕಾಣದ ಕಣಗಳಿಂದ ಆಗಿದೆ ಎಂದು ಒಮ್ಮೆ ಓದಿದಳು. ನಾನು ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದೆ.

“ಕಾಣದ್ದನ್ನ ನಂಬಬೇಕು ಅಂದ್ರ ನಿನ್ನ ಪುಸ್ತಕಕ್ಕೂ ನಮ್ಮ ಮಠದ ಸ್ವಾಮಿಗೂ ಏನ ಫರಕು?” ಎಂದೆ.

“ಸ್ವಾಮಿ ಪರೀಕ್ಷಾದಾಗ ಮಾರ್ಕ್ಸ್ ಕೊಡೂದಿಲ್ಲ ಆಯಿ,” ಎಂದಳು. ಅವಳು ನನ್ನನ್ನು ಆಯಿ, ನನ್ನ ತಂಗಿಯನ್ನು ಸಣ್ಣಾಯಿ ಎಂದೇ ಕರೆಯುವುದು.

ತಂಗಿಯ ಮಗನ ಮದುವೆ ಹತ್ತಿರ ಬಂದಾಗ ಆಮ್ಲ, ಪ್ರತ್ಯಾಮ್ಲದ ಪಾಠ ನಡೆದಿತ್ತು. ಆಮ್ಲ ಎಂದರೆ ಹುಳಿ ಜಾತಿ: ಲಿಂಬೆಹಣ್ಣು, ಹುಣಸೆಹಣ್ಣು, ಮೊಸರು. ಪ್ರತ್ಯಾಮ್ಲ ಎಂದರೆ ಅದರ ಎದುರಾಳಿ: ನನ್ನ ಡಬ್ಬಿಯ ಸುಣ್ಣ, ಸಾಬೂನು, ತಿನ್ನುವ ಸೋಡಾ. ಇದು ಹುಳಿಯೋ, ಸುಣ್ಣದ ಜಾತಿಯೋ ಎಂದು ನಾಲಗೆಗೆ ಇಟ್ಟು ನೋಡಬಾರದು, ಬಾಯಿ ಸುಟ್ಟೀತು. ಅದಕ್ಕೆ ಬಣ್ಣ ಬದಲಿಸಿ ಗುರುತು ಹೇಳುವ ವಸ್ತು ಬೇಕು. ಅದಕ್ಕೆ ಸೂಚಕ ಎನ್ನುತ್ತಾರೆ. ಶಾಲೆಯಲ್ಲಿ ಅದರ ಕಾಗದ ತೀರಿಹೋಗಿತ್ತಂತೆ. ಮನೆಯಲ್ಲೇ ಮಾಡಿಕೊಂಡು ಬನ್ನಿ ಎಂದಿದ್ದರು ಟೀಚರು. ಇವಳು ಅರಿಷಿಣ ಕದಡಿ, ಕಾಗದ ಅದ್ದಿ, ನನ್ನ ಸೀರೆ ಒಣಹಾಕುವ ಹಗ್ಗಕ್ಕೆ ಪಟ್ಟಿ ಪಟ್ಟಿಯಾಗಿ ನೇತುಹಾಕಿದಳು. ಸುಣ್ಣ ತಾಗಿದರೆ ಪಟ್ಟಿ ಕೆಂಪು, ಅದರ ಮೇಲೆ ಲಿಂಬೆರಸ ಬಿದ್ದರೆ ಮತ್ತೆ ಹಳದಿ. ನನ್ನ ಬಿಳಿ ಸೀರೆಗೂ ಅರಿಷಿಣ ಹತ್ತಿತು. ಬೈದೆ.

ಆ ವಾರವೇ ಮದುವೆ. ಸೊಸೆಯನ್ನು ಮನೆ ತುಂಬಿಸಿಕೊಳ್ಳುವ ದಿನ ನಾನು, ಮೊಮ್ಮಗಳು ಬೆಳಿಗ್ಗೆಯೇ ಖಡಕಿಗೆ ಹೋದೆವು. ನಾನು ಗಂಡ ಸತ್ತವಳು. ಆರತಿ ಎತ್ತುವಂತಿಲ್ಲ. ಆದರೆ ಆರತಿ ನೀರು ಕಲಸಬಹುದು. ಅಡುಗೆಮನೆಯಲ್ಲಿ ಮಾಡಿದ್ದು ಯಾರಿಗೂ ಕಾಣುವುದಿಲ್ಲವಲ್ಲ. ನಮ್ಮಲ್ಲಿ ದೃಷ್ಟಿ ತೆಗೆಯುವ ಆರತಿಗೆ ಕುಂಕುಮ ಹಾಕುವುದಿಲ್ಲ. ನೀರಿಗೆ ಅರಿಷಿಣ ಹಾಕಿ, ಎಲೆಗೆ ಹಚ್ಚುವ ಸುಣ್ಣವನ್ನು ಬೆರಳ ತುದಿಯಲ್ಲಿ ತೆಗೆದು ಕಲಸಿದರೆ ರಕ್ತದಂತೆ ಕೆಂಪಾಗುತ್ತದೆ. ಹಿತ್ತಾಳೆ ತಾಟಿನಲ್ಲಿ ಕಲಸಿ ಕೊಟ್ಟೆ. ಚೆನ್ನಾಗಿ ಕೆಂಪಾಗಿತ್ತು. ತಂಗಿಯೂ ನೋಡಿದಳು.

ಅಷ್ಟರಲ್ಲಿ ಮೇಲಿನ ಮನೆಯ ಹೆಂಗಸು ಬಂದಳು. ಬೆಂಗಳೂರಿನ ಕಡೆಯವಳು, ಗಂಡ ಕಂಪ್ಯೂಟರ್ ಕೆಲಸದವನು. ಕೈಯಲ್ಲಿ ಹಿಂಡಿದ ಲಿಂಬೆಹಣ್ಣಿನ ಹೋಳುಗಳು.

“ನಮ್ಮ ಕಡೆ ದೇವಿಗೆ ನಿಂಬೆಹಣ್ಣಿನ ದೀಪ ಹಚ್ತೀವಿ ಆಂಟಿ. ತಟ್ಟೇಲಿ ತೇಲಿಬಿಟ್ರೆ ತುಂಬಾ ಚೆನ್ನಾಗ್ ಕಾಣ್ಸತ್ತೆ. ವಿಡಿಯೋಗೂ ಸೂಪರ್ ಆಗಿರತ್ತೆ.”

“ಇಡ್ರಿ, ಇಡ್ರಿ. ಚಂದ ಕಾಣ್ಲಿ,” ಎಂದಳು ನನ್ನ ತಂಗಿ.

ಆ ದೀಪಕ್ಕೆ ಹೋಳನ್ನು ಹಾಗೆಯೇ ಇಡುವುದಿಲ್ಲ. ಒಳಗಿನದನ್ನು ಹೊರಗೆ ತಿರುವಿ ಬಟ್ಟಲು ಮಾಡಿ, ಎಣ್ಣೆ ಬತ್ತಿ ಹಾಕುತ್ತಾರೆ. ಅಂದರೆ ಹುಳಿಯ ಭಾಗವೇ ನೀರಿನಲ್ಲಿ ಕೂರುತ್ತದೆ. ಅವಳು ತಾಟಿನ ತುಂಬ ತೇಲಿಬಿಟ್ಟಳು. ನಿಜಕ್ಕೂ ಚಂದ ಕಂಡಿತು. ನಾನೂ ಚಂದ ಎಂದೆ. ಅವರ ಕಡೆ ದೇವಿಯ ಮುಂದೆ ಅದನ್ನು ಬರಿಯ ತಟ್ಟೆಯಲ್ಲಿಡುತ್ತಾರೆ, ಕೆಂಪು ನೀರಿನಲ್ಲಿ ಅಲ್ಲ. ನಮ್ಮ ಕಡೆ ಕೆಂಪು ನೀರಿದೆ, ಆ ದೀಪವಿಲ್ಲ. ಎರಡೂ ಕೂಡಿದ್ದು ಖಡಕಿಯ ಆ ಅಡುಗೆಮನೆಯಲ್ಲಿ.

ಮದುವೆ ಗಾಡಿ ಬರಲಿಲ್ಲ. ಸೇತುವೆಯ ಮೇಲೆ ಟ್ರಾಫಿಕ್ ಎಂದು ಫೋನು ಬಂತು. ತಾಟು ಹಾಗೆಯೇ ಕಟ್ಟೆಯ ಮೇಲೆ ಕುಳಿತಿತ್ತು, ದೀಪ ಹಚ್ಚಿರಲಿಲ್ಲ. ಗಾಡಿ ಬಂತೆಂದ ಕೂಡಲೇ ಗಡಿಬಿಡಿ. ಬತ್ತಿ ಹಚ್ಚಿದರು, ತಂಗಿ ಒಂದು ಕಡೆ, ಮೇಲಿನ ಮನೆಯವಳು ಒಂದು ಕಡೆ ಹಿಡಿದು ಬಾಗಿಲಿಗೆ ಓಡಿದರು. ಹೋಳುಗಳ ಸುತ್ತ ನೀರು ಆಗಲೇ ಹಳದಿ ಉಂಗುರದಂತಾಗಿತ್ತು. ಯಾರೂ ಗಮನಿಸಲಿಲ್ಲ. ತಾಟು ಎತ್ತಿ ಒಂದು ಸುತ್ತು ತಿರುಗಿಸುವಷ್ಟರಲ್ಲಿ ನೀರು ಅಲುಗಾಡಿ ಎಲ್ಲ ಬೆರೆತು, ಕೆಂಪು ಎನ್ನುವುದೇ ಇಲ್ಲದಂತಾಯಿತು. ಒಂದಿಷ್ಟು ಅರಿಷಿಣದ ನೀರು, ಅದರ ಮೇಲೆ ದೀಪ.

“ಏನವಾ ಇದು, ಕೆಂಪ ಎಲ್ಲಿ ಹೋತು?” ಎಂದು ಯಾರೋ ಹಿಂದಿನಿಂದ ಅಂದರು.

ಗಾಡಿಯಿಂದ ಇಳಿದ ಜನ, ಓಣಿಯ ಜನ ಎಲ್ಲರೂ ಒಮ್ಮೆ ನೀರನ್ನು, ಒಮ್ಮೆ ಸೊಸೆಯನ್ನು ನೋಡಿದರು. ಮದುವಣಗಿತ್ತಿ ತಾಟು ನೋಡಿದಳು. ಯಾರ ಮುಖವನ್ನೂ ನೋಡಲಿಲ್ಲ, ತಾಟನ್ನೇ ನೋಡಿದಳು. ವಿಡಿಯೋ ತೆಗೆಯುತ್ತಿದ್ದವರು ನಿಲ್ಲಿಸಲಿಲ್ಲ.

“ಲಿಂಬಿಹಣ್ಣಿಂದ ಆಗೇದ!” ಎಂದು ನನ್ನ ಮೊಮ್ಮಗಳು ಕೂಗಿದಳು. “ಲಿಂಬಿ ಆಮ್ಲ, ಸುಣ್ಣ ಪ್ರತ್ಯಾಮ್ಲ. ಅರಿಷಿಣ ಸೂಚಕ. ನಮ್ಮ ಪುಸ್ತಕದಾಗ ಅದ!”

“ಏ ಸುಮ್ನಿರು. ಇದೇನ ನಿಮ್ಮ ಸಾಲಿ ಏನು?” ಎಂದ ತಂಗಿಯ ಗಂಡ.

ತಂಗಿ ತಾಟನ್ನು ಒಳಗೆ ಕೊಟ್ಟು, ಸೊಸೆಯ ಕೈ ಹಿಡಿದು ಹೊಸ್ತಿಲು ದಾಟಿಸಿದಳು. ಅಕ್ಕಿಯ ಸೇರನ್ನು ಆ ಹುಡುಗಿ ಒದ್ದಳೋ ಇಲ್ಲವೋ, ನನಗೆ ನೆನಪಿಲ್ಲ. ಊಟಕ್ಕೆ ಕುಳಿತವರ ಮಾತೆಲ್ಲ ಅದೇ. ವಿಡಿಯೋ ಆಗಲೇ ಬೆಳಗಾವಿಯ ಬಳಗಕ್ಕೆ ಹೋಗಿ, ಅಲ್ಲಿಂದ ಫೋನು ಬರಲು ಶುರುವಾಗಿತ್ತು.

ಮರುದಿನ ಮೊಮ್ಮಗಳು ಹಟ ಹಿಡಿದು ಮತ್ತೆ ಖಡಕಿಗೆ ಕರೆದುಕೊಂಡು ಹೋದಳು. ತಂಗಿಯ ಅಡುಗೆ ಕಟ್ಟೆಯ ಮೇಲೆ ವಾಟಿಗಳನ್ನು, ಸಣ್ಣ ಬಟ್ಟಲುಗಳನ್ನು, ಸಾಲಾಗಿ ಇಟ್ಟಳು. ಮೇಲಿನ ಮನೆಯವಳು ಅಳುಮುಖ ಮಾಡಿಕೊಂಡು ನಿಂತಿದ್ದಳು. ಸೊಸೆ ಒಳಬಾಗಿಲಲ್ಲಿ.

“ನೋಡ್ರಪಾ, ಜಾದೂ ಶುರು ಆತು,” ಎಂದ ತಂಗಿಯ ಗಂಡ. “ಮೊಲಾ ಯಾವಾಗ ತಗೀತಿ?”

ಮೊಮ್ಮಗಳು ತಲೆ ಎತ್ತಲಿಲ್ಲ. ಅರಿಷಿಣದ ನೀರಿಗೆ ಸುಣ್ಣ ಹಾಕಿದಳು, ಕೆಂಪಾಯಿತು. ಲಿಂಬೆಹಣ್ಣು ಹಿಂಡಿದಳು, ಹಳದಿಯಾಯಿತು. ಮತ್ತೆ ಸುಣ್ಣ ಹಾಕಿದಳು, ಮತ್ತೆ ಕೆಂಪು.

“ಬಣ್ಣ ಎಲ್ಲೂ ಹೋಗೂದಿಲ್ಲ ಸಣ್ಣಾಯಿ. ಆಮ್ಲ ಹೆಚ್ಚಾದ್ರ ಹಳದಿ, ಸುಣ್ಣ ಹೆಚ್ಚಾದ್ರ ಕೆಂಪ. ಎರಡೂ ಕೂಡಿದ್ರ ಒಂದರ ಶಕ್ತಿ ಇನ್ನೊಂದು ತಗೀತದ. ತಟಸ್ಥೀಕರಣ ಅಂತಾರ. ಯಾರ ಬಂದ್ರೂ, ಯಾರ ನಿಂತ್ರೂ ಹಿಂಗs ಆಗತದ.”

“ತಿಳೀತು ಬಿಡವಾ. ಶಾಣ್ಯಾ ಇದ್ದೀ,” ಎಂದು ತಂಗಿ ಅವಳ ಕೈಗೆ ಲಾಡು ಇಟ್ಟಳು. ಬಾಗಿಲಲ್ಲಿದ್ದ ಸೊಸೆ ನಕ್ಕಳು. ಅವಳು ಆ ಮನೆಯಲ್ಲಿ ನಕ್ಕದ್ದು ನಾನು ಕಂಡದ್ದು ಆಗ ಮಾತ್ರ. ಬರುವಾಗ ಬಸ್ಸಿನಲ್ಲಿ ಮೊಮ್ಮಗಳು ಏನೋ ಗೆದ್ದವರಂತೆ ಕುಳಿತಿದ್ದಳು. ಜನ ಒಪ್ಪಿದರು ಎಂದರೆ ಬಿಟ್ಟರು ಎಂದಲ್ಲ.

ಕೆಲವು ತಿಂಗಳು ಸರಿಯಾಗೇ ಇತ್ತು. ಆಮೇಲೆ ತಂಗಿಯ ಮಗನ ಟೆಂಪೋ ಉಳ್ಳಾಗಡ್ಡಿ ಚೀಲದ ಸಮೇತ ಘಾಟಿನಲ್ಲಿ ಮಗುಚಿತು. ಅವನಿಗೆ ಏನೂ ಆಗಲಿಲ್ಲ. ಬ್ರೇಕು ಸವೆದಿದೆ ಎಂದು ಅವನೇ ಮೊದಲಿನಿಂದ ಹೇಳುತ್ತಿದ್ದ. ಆಮೇಲೆ ತಂಗಿಯ ಗಂಡನ ಕಾಲ್ಬೆರಳು ಕೊಳೆತು, ಕತ್ತರಿಸಬೇಕಾಯಿತು. ಅವನಿಗೆ ಸಕ್ಕರೆ ಕಾಯಿಲೆ, ಕದ್ದು ಜಿಲೇಬಿ ತಿನ್ನುತ್ತಿದ್ದ, ಓಣಿಗೇ ಗೊತ್ತು. ಬ್ರೇಕಿಗೂ ಜಿಲೇಬಿಗೂ ಸೊಸೆಗೂ ಏನು ಸಂಬಂಧ? ಆದರೆ ಆಸ್ಪತ್ರೆಗೆ ನೋಡಲು ಬಂದವರೊಬ್ಬರು, “ಆರತಿ ದಿನಾನ ಅನ್ಕೊಂಡಿದ್ವಿ ಬಿಡ್ರಿ,” ಎಂದರು. ತಂಗಿ ಇಲ್ಲ ಎನ್ನಲಿಲ್ಲ.

ಕಡೆಗೆ ಸೊಸೆಯ ಬಸಿರು ನಿಲ್ಲಲಿಲ್ಲ. ಸುಧಾರಿಸಿಕೊಂಡು ಬರಲಿ ಎಂದು ತವರಿಗೆ ಕಳಿಸಿದರು. ಕಳಿಸಿದವರು ಕರೆತರಲು ಹೋಗಲಿಲ್ಲ.

ನಾನು ಖಡಕಿಗೆ ಹೋದೆ. “ಆಕಿನ ಯಾವಾಗ ಕರಕೊಂಡ ಬರ್ತಿ?” ಎಂದು ನೇರ ಕೇಳಿದೆ.

“ಇನ್ನೂ ಒಂದಿಷ್ಟ ಸುಧಾರಿಸ್ಲಿ ಅಕ್ಕ.”

“ಆಕಿ ಸುಧಾರಿಸ್ಯಾಳ. ನೀನs ಇನ್ನೂ ಸುಧಾರಿಸಿಲ್ಲ.”

ತಂಗಿ ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಕಡ್ಡಿ ಮುರಿಯುತ್ತಲೇ ಅಂದಳು: “ನೀರು ಅಡಿಗಿಮನ್ಯಾಗ ಕೆಂಪ ಇತ್ತಲ್ಲ ಅಕ್ಕ. ನಾನs ನೋಡೀನಿ. ಆಕಿ ಮುಂದ ಒಯ್ದಾಗ ಹೋತು. ಅದಕ್ಕೇನಂತಿ?”

“ನೀ ನೋಡಿದಾಗ ಅದರಾಗ ಲಿಂಬಿಹಣ್ಣ ಇರ್ಲಿಲ್ಲ ಅಂತೀನಿ. ಬೈಯೂದಿದ್ರ ನನ್ನ ಬೈ. ನೀರು ಕಲಸಿದಾಕಿ ನಾ. ಮುಂಡಿ ಕೈ ತಾಗಿ ಕೆಟ್ಟದ ಅನ್ನು, ಮಂದಿ ನಂಬತಾರ. ನನಗೇನ ಹೋಗೂದದ?”

“ನೀ ಈ ಮನ್ಯಾಗ ಇರೂದಿಲ್ಲಲ್ಲ ಅಕ್ಕ,” ಎಂದಳು.

ಮನೆಯಲ್ಲಿ ಇರುವವಳ ಮೇಲೆ ಹೊರಿಸಿದರೆ ಅವಳನ್ನು ಹೊರಗೆ ಹಾಕಬಹುದು. ನನ್ನ ಮೇಲೆ ಹೊರಿಸಿ ಏನು ಮಾಡುವುದು? ತಂಗಿಯ ಮಗ ಅಲ್ಲೇ ಕುಳಿತು ಮೊಬೈಲು ಉಜ್ಜುತ್ತಿದ್ದ.

“ನೀ ಏನಂತಿ?” ಎಂದು ಅವನನ್ನು ಕೇಳಿದೆ.

“ಅವ್ವ ಹೂಂ ಅಂದ್ರ ಈಗs ಹೋಗಿ ಕರ್ಕೊಂಡ ಬರ್ತೀನಿ ದೊಡ್ಡವ್ವ.”

“ಮೀಸಿ ಬೋಳಿಸ್ಕೋ ಹೋಗು,” ಎಂದೆ. ಎದ್ದು ಹೋದ. ಬೋಳಿಸಿಕೊಳ್ಳಲಿಲ್ಲ, ಕರೆತರಲೂ ಇಲ್ಲ.

ನಾನು ಬಿಡಲಿಲ್ಲ. ಮತ್ತೆ ಮತ್ತೆ ಹೋದೆ. ಕಡೆಗೆ ತಂಗಿ ಒಂದು ಮಾತಿಗೆ ಬಂದಳು. ಒಳ್ಳೆಯ ದಿನ ನೋಡಿ, ಬಳಗವನ್ನೆಲ್ಲ ಕೂಡಿಸಿ, ಸೊಸೆಯನ್ನು ಹೊಸ್ತಿಲ ಹೊರಗೆ ನಿಲ್ಲಿಸಿ ಮತ್ತೊಮ್ಮೆ ಆರತಿ ಮಾಡುವುದು. ನೀರು ಕೆಂಪಾಗೇ ಉಳಿದದ್ದನ್ನು ವಿಡಿಯೋ ಮಾಡಿ ಬೆಳಗಾವಿಗೂ ಕಳಿಸುವುದು. “ಮಂದಿ ಬಾಯಿ ಮುಚ್ಚಬೇಕ ಅಕ್ಕ. ಲಿಂಬಿಹಣ್ಣ ಹತ್ರಾನೂ ತರೂದಿಲ್ಲ. ಆತಲ್ಲ?” ಎಂದಳು. ಇಷ್ಟೇ ತಾನೆ ಎಂದುಕೊಂಡೆ. ಮನೆಗೆ ಬಂದು ಹೇಳಿದರೆ ಮೊಮ್ಮಗಳು ಕುಣಿದಳು.

ಮರು ಭಾನುವಾರ ಇಬ್ಬರೂ ಮಾರ್ಕೆಟ್ ಯಾರ್ಡಿನ ಓಣಿಗೆ ಹೋದೆವು. ಆ ಹುಡುಗಿಯ ಅಪ್ಪ ಹಮಾಲಿ. ತಾಯಿ, ಮಗಳು ಮನೆಯಲ್ಲೇ ಹೋಟೆಲಿನವರಿಗೆ ಬೆಳ್ಳುಳ್ಳಿ ಸುಲಿದು ಕೊಡುತ್ತಾರೆ. ಒಳಗೆ ಕಾಲಿಟ್ಟರೆ ಬೆಳ್ಳುಳ್ಳಿಯ ಘಾಟು ಕಣ್ಣಿಗೆ ಹೊಡೆಯುತ್ತದೆ. ಹುಡುಗಿಯ ಬೆರಳ ತುದಿಗಳ ಚರ್ಮ ಎದ್ದಿತ್ತು.

“ಬರ್ರಿ ದೊಡ್ಡತ್ತಿ,” ಎಂದಳು. ಮೊಮ್ಮಗಳನ್ನು ನೋಡಿ, “ನೀನೂ ಬಂದಿ? ಸಾಲಿ ಹ್ಯಾಂಗ ನಡದದ?” ಎಂದಳು. ಮೊರದಿಂದ ಕೈ ತೆಗೆಯಲಿಲ್ಲ.

ನಾನು ತಂಗಿ ಹೇಳಿದ್ದನ್ನು ಹೇಳಿದೆ. ತಾಯಿ ಕೈ ಮುಗಿದಳು. ಹುಡುಗಿ ಸುಲಿಯುತ್ತಲೇ ಇದ್ದಳು.

“ಮತ್ತ ಹಳದಿ ಆದ್ರ?” ಎಂದಳು.

“ಆಗೂದs ಇಲ್ಲ ಮಾಮಿ!” ನನ್ನ ಮೊಮ್ಮಗಳು ಚೀಲದಿಂದ ಅರಿಷಿಣದ ಪುಡಿ, ನನ್ನ ಸುಣ್ಣದ ಡಬ್ಬಿ ತೆಗೆದಳು. ಅವರದೇ ವಾಟಿ ತೊಳೆದು, ಅವರದೇ ನೀರಿನಲ್ಲಿ ಕಲಸಿ ಮುಂದಿಟ್ಟಳು. “ನೋಡ್ರಿ. ಸಂಜಿ ತನಕ ಇಡ್ರಿ ಬೇಕಾದ್ರ. ಹುಳಿ ಬೀಳಲಿಲ್ಲ ಅಂದ್ರ ಕೆಂಪs ಇರ್ತದ. ಇದು ನಿಯಮ.”

ಹುಡುಗಿ ವಾಟಿಯೊಳಗೆ ಬಗ್ಗಿ ನೋಡಿದಳು. “ಗೊತ್ತದವಾ. ಅವತ್ತೂ ನೀ ತೋರಿಸಿದ್ದಿ. ಲಿಂಬಿಹಣ್ಣ ಹುಳಿ, ಸುಣ್ಣದ ಕೆಂಪ ತಗೀತು. ಖರೆ ಅದ. ಆದ್ರ ಆ ಲಿಂಬಿಹಣ್ಣ ನನ್ನ ತಾಟಿಗೇ ಯಾಕ ಬಂತು? ನಮ್ಮ ಅವ್ವನ ತಾಟಿಗೆ ಬರ್ಲಿಲ್ಲ. ಅತ್ತಿ ತಾಟಿಗೆ ಬರ್ಲಿಲ್ಲ. ಇಷ್ಟ ಮಂದಿ ಮದಿವಿ ಆಗ್ಯಾವ, ಯಾರ ತಾಟಿಗೂ ಬರ್ಲಿಲ್ಲ.”

ಮೊಮ್ಮಗಳು ನನ್ನ ಮುಖ ನೋಡಿದಳು. ಅದು ಅವಳ ಪುಸ್ತಕದಲ್ಲಿ ಇರಲಿಲ್ಲ.

“ಮ್ಯಾಲಿನ ಮನಿಯಾಕಿಗೆ ಫ್ಯಾಶನ್ ಹುಚ್ಚು, ನನ್ನ ತಂಗಿಗೆ ವಿಡಿಯೋ ಹುಚ್ಚು, ಅದಕ್ಕ ಬಂತು,” ಎಂದೆ ನಾನು. “ಅದರಾಗ ದೇವರೂ ಇಲ್ಲ, ದೆವ್ವಾನೂ ಇಲ್ಲ.”

“ನಿಮಗ ಹಂಗ ಅನಸ್ತದ ದೊಡ್ಡತ್ತಿ. ಕೂಸು ಹೋದದ್ದು ನಿಮ್ಮ ಹೊಟ್ಟ್ಯಾಗಿಂದ ಅಲ್ಲ.”

ತಾಯಿ, “ಏ, ದೊಡ್ಡವರಿಗೆ ಹಂಗ ಅಂತಾರೇನ?” ಎಂದು ಗದರಿಸಿದಳು. ನಾನು ಬೇಡ ಎಂದೆ. ಅಂದದ್ದು ಸರಿಯೇ ಇತ್ತು.

ಹುಡುಗಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. “ನಾ ಬರ್ತೀನಿ. ಬರೂದಿಲ್ಲ ಅಂತ ಯಾವತ್ತೂ ಅಂದಿಲ್ಲ. ಆದ್ರ ಆರತಿ ಬ್ಯಾಡ. ಮತ್ತ ಆ ತಾಟಿನ ಮುಂದ ನಾ ನಿಂದರೂದಿಲ್ಲ. ಮಂದಿ ನೀರು ನೋಡ್ಕೋತ, ನನ್ನ ನೋಡ್ಕೋತ ನಿಂತ್ರ ನನ್ನ ಜೀವಾ ಹೋಗತದ. ಸುಮ್ನ ಬಾಗಲಾ ತಗದ್ರ ಸಾಕು, ಒಳಗ ಬಂದು ಒಲಿ ಹಚ್ಚತೀನಿ.”

ಇದನ್ನು ತಂಗಿಗೆ ಮುಟ್ಟಿಸಿದೆ.

“ಆರತಿ ಇಲ್ಲದ ಒಳಗ ತಗೋಬೇಕ? ಸತ್ತವರ ಮನಿಗೆ ಬಂದಂಗ ಬರ್ತಾಳೇನ?” ಎಂದಳು. “ಆಕಿಗೇ ಧೈರ್ಯ ಇಲ್ಲ ನೋಡು. ತನ್ನ ಮ್ಯಾಲ ತನಗs ನಂಬಿಗಿ ಇಲ್ಲ ಅಂದ್ರ ನಾವ ಹ್ಯಾಂಗ ನಂಬೂದು?”

ಮತ್ತೆ ಅಲ್ಲಿಗೆ ಹೋದೆ. ಮತ್ತೆ ಇಲ್ಲಿಗೆ ಬಂದೆ. ಇವಳು ಆರತಿ ಬೇಕೇ ಬೇಕು ಎನ್ನುತ್ತಾಳೆ, ಅವಳು ಬೇಡವೇ ಬೇಡ ಎನ್ನುತ್ತಾಳೆ. ನನ್ನ ಮೊಣಕಾಲಿಗೆ ಬಸ್ಸು ಹತ್ತುವುದು ಕಷ್ಟವಾಯಿತು, ಹೋಗುವುದು ಕಡಿಮೆಯಾಯಿತು. ಒಂದು ತಾಟು ನೀರು ಇಬ್ಬರ ನಡುವೆ ಹಾಗೆಯೇ ಉಳಿಯಿತು. ನೀರು ಏನಾಗುತ್ತದೆ ಎಂಬುದು ಹತ್ತನೆಯ ತರಗತಿಗೆ ಹೋದ ಹುಡುಗಿಗೆ ಖಚಿತವಾಗಿ ಗೊತ್ತಿದೆ. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಈಗ ಹೋದ ವಾರ ತಂಗಿಯ ಮನೆಗೆ ಹೋಗಿದ್ದೆ. ಸೋಡಚೀಟಿಗೆ, ಅಂದರೆ ಗಂಡ ಹೆಂಡತಿ ಬೇರೆಯಾಗುವ ಕಾಗದಕ್ಕೆ, ವಕೀಲರನ್ನು ನೋಡಿದ್ದಾರೆ. ಮಗನಿಗೆ ಸೊಲ್ಲಾಪುರದ ಕಡೆ ಬೇರೆ ಹುಡುಗಿ ಕೇಳುತ್ತಿದ್ದಾರೆ. ತಂಗಿಯೇ ಹೇಳಿದಳು, ಚಹಾಕ್ಕೆ ಶುಂಠಿ ಜಜ್ಜುತ್ತ.

“ಈ ಸಲ ಅರಿಷಿಣ ಸುಣ್ಣ ಬ್ಯಾಡ ಅಕ್ಕ,” ಎಂದಳು. “ಅಂಗಡಿ ಕುಂಕುಮ ಕದಡಿದ್ರಾತು. ನಾ ವಾಟಿದಾಗ ಲಿಂಬಿಹಣ್ಣ ಹಿಂಡಿ ನೋಡೀನಿ. ಎಷ್ಟ ಹಿಂಡಿದ್ರೂ ಬಣ್ಣ ಬಿಡೂದಿಲ್ಲ.”

ನಾನು ಅವಳ ಮುಖ ನೋಡಿದೆ. “ಅಂದ್ರ ನಿನಗ ಗೊತ್ತದ.”

“ಏನ?”

“ಲಿಂಬಿಹಣ್ಣಿಂದ ಆತು ಅಂತ.”

ಅವಳು ಶುಂಠಿಯನ್ನು ಪಾತ್ರೆಗೆ ಹಾಕಿದಳು. ಸಕ್ಕರೆ ಹಾಕಿದಳು. “ಚಹಾ ಕುಡದ ಹೋಗು,” ಎಂದಳು. ನಾನು ಕುಡಿಯದೆ ಎದ್ದು ಬಂದೆ.

ಮನೆಗೆ ಬಂದು ಮೊಮ್ಮಗಳಿಗೆ ಹೇಳಿದೆ. “ಅಂಗಡಿ ಕುಂಕುಮ ಬರೇ ಬಣ್ಣ ಆಯಿ, ಅದರಾಗ ಅರಿಷಿಣ ಇರೂದಿಲ್ಲ. ಅದಕ್ಕ ಬದಲಾಗೂದಿಲ್ಲ,” ಎಂದಳು. ಆಮೇಲೆ ಅವಳ ಕಣ್ಣು ದೊಡ್ಡದಾಯಿತು. “ಸಣ್ಣಾಯಿ ತಾನs ಪ್ರಯೋಗ ಮಾಡಿ ನೋಡ್ಯಾಳ?” ಎಂದು ನಕ್ಕಳು. ತಾನು ಕಲಿಸಿದ್ದು ಒಬ್ಬರಿಗಾದರೂ ಹತ್ತಿತಲ್ಲ ಎಂಬ ಸಂತೋಷ. ಅದು ಯಾವ ಮದುವೆಗೆ ಮಾಡಿದ ಪ್ರಯೋಗ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಹೊಳೆದ ಮೇಲೆ ನಗು ನಿಂತಿತು.

“ಮಾಮಿಗೆ ಗೊತ್ತದ?” ಎಂದಳು.

“ವಕೀಲರ ಕಾಗದ ಹೋದ ಮ್ಯಾಲ ಗೊತ್ತಾಗತದ,” ಎಂದೆ.